ಹುಟ್ಟುಗುಣ ಅನ್ನೋ ಅಳತೆಪಟ್ಟಿ

ತಲೆಬುರುಡೆಯ ಉಬ್ಬುತಗ್ಗು ನೋಡಿ ಮನುಷ್ಯನ ಗುಣ ಹೇಳಬಹುದು ಅಂತ ವಿಯೆನ್ನಾದ ವೈದ್ಯ ಗಾಲ್ 1796ರಲ್ಲಿ ಉಪನ್ಯಾಸ ಶುರುಮಾಡಿದ. ಆ ವಿದ್ಯೆ ಸುಳ್ಳಾಯಿತು, ಚಟ ಉಳಿಯಿತು. ಮದ್ರಾಸ್ ಮ್ಯೂಸಿಯಂನ ಥರ್ಸ್ಟನ್ ದಕ್ಷಿಣ ಭಾರತದ ಜಾತಿಜಾತಿಯವರ ತಲೆ, ಮೂಗು ಅಳೆದ. ಇಲ್ಲಿ ಮಲಯಾದಲ್ಲಿ ಅಳತೆಯೂ ಬೇಕಾಗಲಿಲ್ಲ: ಬ್ರಿಟಿಷರ ತೋಟಗಳಿಗೆ ಕೂಲಿಗೆ ಹೋಗದ ಮಲಯರು 'ಸೋಮಾರಿಗಳು' ಅನ್ನಿಸಿಕೊಂಡರು. ಅವರು ಸ್ವಂತ ಗದ್ದೆಯಲ್ಲಿ ದುಡಿಯುತ್ತಿದ್ದದ್ದು ಲೆಕ್ಕಕ್ಕೇ ಬರಲಿಲ್ಲ ಎಂದು ಸೈಯದ್ ಹುಸೇನ್ ಅಲತಾಸ್ 1977ರ ಪುಸ್ತಕದಲ್ಲಿ ತೋರಿಸಿಕೊಟ್ಟರು.

ಮೊನ್ನೆ ಪ್ರಾಜೆಕ್ಟ್ ಮೀಟಿಂಗಿಗೆ ಮಲಯ ಗೆಳೆಯ ತಡವಾಗಿ ಬಂದಾಗ ನಾನೇ ಕನ್ನಡದಲ್ಲಿ 'ಇವರು ಹೀಗೇ ಕಣೋ' ಅಂದೆ. ನಾನು ತಡಮಾಡಿದ ದಿನ ಮಾತ್ರ ಮಳೆ, ಟ್ರಾಫಿಕ್ ಅಂತ ಕಾರಣ ಇತ್ತು. ನಮಗಾದರೆ ಕಾರಣ, ಅವರಿಗಾದರೆ ಹುಟ್ಟುಗುಣ! ಗೆಳೆಯರೇ, ಇಲ್ಲಿನವರಿಗೆ ಅರ್ಥವಾಗಲ್ಲ ಅಂತ ಕನ್ನಡದಲ್ಲಿ ಅವರ ತಲೆ ಅಳೆಯೋದು ಬೇಡ.