ಜವಳು ಹೊಲವನ್ನು ಬರಿದು ಬಿಡಬೇಡಿ



ಅಥಣಿ ತಾಲೂಕಿನ ಪೂರ್ವಕ್ಕೆ, ತೆಲಸಂಗದ ಕಡೆ ಹೋದರೆ ಬೇಸಿಗೆಯಲ್ಲಿ ದನಗಳ ಕುಡಿಯುವ ನೀರಿಗೂ ಪರದಾಟ. ಅದೇ ಕೃಷ್ಣೆಯ ಹೊಳೆಸಾಲಿನಲ್ಲಿ, ಉಗಾರ, ಶಿರಗುಪ್ಪಿ, ಕುಡಚಿ ಕಡೆಯ ಕೆಲವು ಹೊಲಗಳಲ್ಲಿ ಬೇಸಿಗೆಯಲ್ಲೂ ಕಾಲಿಟ್ಟರೆ ಹೂಳುತ್ತದೆ. ಅಥಣಿ, ಕಾಗವಾಡ ಭಾಗಕ್ಕೆ ವರ್ಷಕ್ಕೆ ಬೀಳುವ ಮಳೆ 500–600 ಮಿ.ಮೀ. ಆಸುಪಾಸು. ಕಬ್ಬು ಕೇಳುವ ನೀರು 1500ರಿಂದ 2500 ಮಿ.ಮೀ. ನಡುವಿನ ವ್ಯತ್ಯಾಸವನ್ನು ನಾವು ಹೊಳೆಯಿಂದ, ಕಾಲುವೆಯಿಂದ ತಂದು ಸುರಿಯುತ್ತೇವೆ. ಬರದ ಸೀಮೆಯಲ್ಲಿ ಜವಳು ಹುಟ್ಟಿದ್ದು ಹೀಗೆ. ಚಿಕ್ಕೋಡಿ, ನಿಪ್ಪಾಣಿಯ ದೂಧಗಂಗಾ, ವೇದಗಂಗಾ ದಂಡೆಯವರೂ, ರಾಯಬಾಗದಲ್ಲಿ ಘಟಪ್ರಭಾ ಎಡದಂಡೆ ಕಾಲುವೆಯ ಕೆಳಗಿನವರೂ ಈ ಮಾತನ್ನು ತಮಗೂ ಹೇಳಿದ್ದೆಂದೇ ತಿಳಿಯಬೇಕು.

ಪಶುವೈದ್ಯರಿಗೆ ಮಣ್ಣಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಜವಳು ಹೊಲದ ಹುಲ್ಲು ತಿಂದ ಎಮ್ಮೆಗೆ ಔಷಧಿ ಕೊಡುವ ಕೆಲಸ ನಮ್ಮದೇ. ಅದಕ್ಕೇ ಈ ಬರಹ.

ನನ್ನ ಮಾತು ಒಂದೇ. ಕಬ್ಬು ಬರದಾಗಿದೆ ಎಂದು ಜವಳು ಹೊಲವನ್ನು ಬರಿದು ಬಿಟ್ಟರೆ ಅದು ಇನ್ನಷ್ಟು ಬೇಗ ಸವಳಾಗುತ್ತದೆ. ಕಾರಣ ನೆಲದೊಳಗಿದೆ. ಕಬ್ಬಿನ ಬೇರಿನ ಹೆಚ್ಚಿನ ಪಾಲು ಮೇಲಿನ ಎರಡು ಅಡಿಯಲ್ಲೇ ಇರುತ್ತದೆ. ಅದು ಹೀರಿ ಉಳಿದ ನೀರು ಕೆಳಗಿಳಿದು, ಎರೆ ಮಣ್ಣಿನಲ್ಲಿ ಹೊರಗೆ ಹೋಗುವ ದಾರಿ ಸಿಗದೆ, ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ಆ ನೀರು ಐದಾರು ಅಡಿಯೊಳಗೆ ಬಂತೆಂದರೆ ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ಅದನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಗಿಡ ಇದ್ದರೆ ನೆರಳಿರುತ್ತದೆ, ಬೇರು ಕೆಳಗಿನ ನೀರನ್ನು ಕುಡಿದು ಎಲೆಯಿಂದ ಗಾಳಿಗೆ ಬಿಡುತ್ತದೆ, ನೀರಿನ ಮಟ್ಟ ತಗ್ಗುತ್ತದೆ. ಗಿಡ ಸತ್ತ ಮೇಲೆ ಆ ಪಂಪು ನಿಂತಂತೆ. ನೀರು ಹೆಚ್ಚಾಗಿ ಗಿಡ ಸಾಯುತ್ತದೆ, ಗಿಡ ಸತ್ತದ್ದಕ್ಕೆ ನೀರು ಇನ್ನೂ ಏರುತ್ತದೆ. ಕೊನೆಗೆ ಅಲ್ಲಿ ಉಳಿಯುವುದು ಆಪು, ಬಳ್ಳಾರಿ ಜಾಲಿ ಮತ್ತು ಬಿಳಿ ಪೊರೆ.

ಇದನ್ನು ಆಸ್ಟ್ರೇಲಿಯಾದವರು ದುಬಾರಿ ಬೆಲೆ ಕೊಟ್ಟು ಕಲಿತರು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನೀಲಗಿರಿ ಕಾಡು ಕಡಿದು ಗೋಧಿ ಬಿತ್ತಿದರು. ಆಳದ ಬೇರು ಹೋದದ್ದೇ ತಡ, ಅಂತರ್ಜಲ ಉಪ್ಪನ್ನು ಹೊತ್ತು ಮೇಲೆ ಬಂತು. ಕಾಡು ಕಡಿದಲ್ಲಿ ಹಳ್ಳದ ನೀರು ಉಪ್ಪಾಗುತ್ತದೆ ಎಂದು ವುಡ್ ಎಂಬ ರೈಲ್ವೆ ಎಂಜಿನಿಯರ್ 1924ರಲ್ಲೇ ಬರೆದಿದ್ದರು. ಇತ್ತ ಹರಿಯಾಣದಲ್ಲಿ ಜವಳು ಹೊಲದ ಒಡ್ಡುಗಳ ಮೇಲೆ ನೀಲಗಿರಿ ಸಾಲು ಹಾಕಿದಾಗ ಮೂರು ವರ್ಷದಲ್ಲಿ ಅಂತರ್ಜಲ ಮುಕ್ಕಾಲು ಮೀಟರಿಗೂ ಹೆಚ್ಚು ತಗ್ಗಿತು. ತಮಾಷೆ ನೋಡಿ, ಅಂತರ್ಜಲ ಕುಡಿಯುತ್ತದೆ ಎಂಬ ದೂರಿನ ಮೇಲೆ ಇದೇ ಮರದ ಹೊಸ ನಾಟಿಯನ್ನು ನಮ್ಮ ಸರ್ಕಾರ 2017ರಲ್ಲಿ ನಿಷೇಧಿಸಿತು. ಎರಡೂ ಕಡೆ ಮರ ಮಾಡಿದ ಕೆಲಸ ಒಂದೇ, ನೆಲ ಬೇರೆ. ನೀಲಗಿರಿ ನಮಗೆ ಬೇಡ. ಉಪ್ಪನ್ನೂ ನಿಂತ ನೀರನ್ನೂ ತಾಳುವ ಕರಿಜಾಲಿ ನಮ್ಮಲ್ಲೇ ಇದೆ, ಅದರ ಕಾಯಿ ಆಡಿಗೆ ಮೇವು. ಒಡ್ಡಿನ ಮೇಲಿನ ಜಾಲಿಯನ್ನು ಕಬ್ಬಿಗೆ ನೆರಳಾಗುತ್ತದೆ ಎಂದು ಕಡಿಯುವ ಮುನ್ನ ಎರಡು ಸಲ ಯೋಚಿಸಿ.

ಹೊಲದೊಳಗೆ ಪ್ಯಾರಾ ಹುಲ್ಲು ಹಾಕಿ. ನೇಪಿಯರ್ ಬೇರು ನಿಂತ ನೀರಿನಲ್ಲಿ ಕೊಳೆಯುತ್ತದೆ, ಪ್ಯಾರಾ ಅಂಥಲ್ಲೇ ಹಬ್ಬುತ್ತದೆ, ಸಾಧಾರಣ ಉಪ್ಪನ್ನೂ ಸಹಿಸುತ್ತದೆ. ಕಾಲುವೆಗೆ ಹಬ್ಬದಂತೆ ಮಾತ್ರ ನೋಡಿಕೊಳ್ಳಬೇಕು. ನೆಲ ಪೂರ್ತಿ ಬಿಳಿಯಾಗಿದ್ದರೆ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಮಣ್ಣು ಪರೀಕ್ಷೆ ಮಾಡಿಸಿ. ಹುಲ್ಲು, ಮರ ನೀರನ್ನು ಇಳಿಸುತ್ತವೆ, ಉಪ್ಪನ್ನು ಹೊಲದಿಂದ ಹೊರಗೆ ಹಾಕುವುದಿಲ್ಲ. ಅದಕ್ಕೆ ಬಸಿಗಾಲುವೆಯೋ ನೆಲದೊಳಗಿನ ಪೈಪೋ ಬೇಕೇ ಬೇಕು. ಹುಲ್ಲೊಂದರಿಂದಲೇ ಜವಳು ಹೋಗುತ್ತದೆ ಎನ್ನುವವರನ್ನು ನಂಬಬೇಡಿ.

ಇನ್ನು ನನ್ನ ಕೆಲಸದ ಮಾತು. ಜವಳು ಹುಲ್ಲಿಗೆ ಎಮ್ಮೆಯನ್ನು ಬಿಟ್ಟು ಮೇಯಿಸಬೇಡಿ. ನಿಂತ ನೀರಿನಲ್ಲಿ ಸಣ್ಣ ಬಸವನಹುಳು ಇರುತ್ತದೆ. ಎಮ್ಮೆಯ ಲಿವರಿನಲ್ಲಿ ಕೂರುವ ಎಲೆಯಂಥ ಚಪ್ಪಟೆ ಹುಳು ಬೆಳೆಯುವುದು ಅದರ ಹೊಟ್ಟೆಯಲ್ಲಿ. ಅಲ್ಲಿಂದ ಹೊರಬಿದ್ದ ಮರಿಗಳು ನೀರಿನ ಅಂಚಿನ ಹುಲ್ಲಿಗೆ ಅಂಟಿಕೊಂಡು ಕಾಯುತ್ತವೆ. ಹಾಲು ಇಳಿಯುತ್ತದೆ, ಫ್ಯಾಟ್ ಇಳಿಯುತ್ತದೆ, ಮೈ ಒಣಗುತ್ತದೆ, ಗದ್ದದ ಕೆಳಗೆ ನೀರು ತುಂಬಿ ಚೀಲದಂತೆ ಜೋಲುತ್ತದೆ. ಊತ ಕಾಣುವ ಹೊತ್ತಿಗೆ ಲಿವರ್ ಬಹಳಷ್ಟು ಕೆಟ್ಟಿರುತ್ತದೆ. ಆದ್ದರಿಂದ ಹುಲ್ಲನ್ನು ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಕೊಯ್ದು, ಚೆನ್ನಾಗಿ ಒಣಗಿಸಿ ಹಾಕಿ. ಜವಳು ಊರಿನ ದನಗಳ ಸಗಣಿ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದ ಜಂತುನಾಶಕವನ್ನೇ ಕೊಡಿ, ಎಲ್ಲ ಜಂತಿನ ಔಷಧಿಯೂ ಈ ಹುಳುವಿಗೆ ನಾಟುವುದಿಲ್ಲ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಎಂಬುದನ್ನೂ ಕೇಳಿಕೊಳ್ಳಿ.

ಕುಡಿಯುವ ನೀರೂ ಹಾಗೆಯೇ. ಜವಳು ಪ್ರದೇಶದ ಬಾವಿಯ ನೀರಿನಲ್ಲಿ ಲೀಟರಿಗೆ 3000 ಮಿ.ಗ್ರಾಂ.ಗಿಂತ ಹೆಚ್ಚು ಲವಣ ಇದ್ದರೆ ಹೊಸದಾಗಿ ಕುಡಿಯುವ ದನ ಉಚ್ಚಿಕೊಳ್ಳಬಹುದು. 5000 ದಾಟಿದ ನೀರನ್ನು ಗಬ್ಬದ, ಹಿಂಡುವ ದನಗಳಿಗೆ ಕೊಡಬೇಡಿ.

ನೆಲದೊಳಗಿನ ನೀರು ನಿಮ್ಮ ಒಡ್ಡನ್ನು ನೋಡಿ ನಿಲ್ಲುವುದಿಲ್ಲ. ಮೇಲಿನ ಹೊಲದವನು ರಾತ್ರಿಯಿಡೀ ಹರಿಬಿಟ್ಟ ನೀರು ಕೆಳಗಿನವನ ಹೊಲದಲ್ಲಿ ಏಳುತ್ತದೆ. ಹೀಗಾಗಿ ಒಬ್ಬರೇ ಹುಲ್ಲು ಹಾಕಿದರೆ ಫಲ ಅರ್ಧ. ಊರಿನ ಮೇಲಿನ ಹೊಲದವರೂ ಕೆಳಗಿನ ಹೊಲದವರೂ ದಿನಕ್ಕೆರಡು ಸಲ ಒಟ್ಟಿಗೆ ಸಾಲು ನಿಲ್ಲುವ ಜಾಗ ಹಾಲಿನ ಸಂಘ. ಹನಿ ನೀರಾವರಿ, ಸರದಿಯ ನೀರು, ಹಂಚಿಕೊಂಡ ಬಸಿಗಾಲುವೆ, ಇವನ್ನೆಲ್ಲ ಅಲ್ಲೇ ಮಾತಾಡಬಹುದು. ಮೇವಿನ ಬೀಜ, ಕಡ್ಡಿ ಕೊಡುವಾಗ ಒಳ್ಳೆಯ ನೆಲದ ಮೆಕ್ಕೆಜೋಳ, ನೇಪಿಯರ್ ಜೊತೆ ಜವಳಿಗೆ ಪ್ಯಾರಾ ಕಡ್ಡಿ, ಜಾಲಿ ಸಸಿಯನ್ನೂ ಕೊಡಬೇಕೆಂದು ನನ್ನ ಅಭಿಪ್ರಾಯ. ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಇದನ್ನು ನೀವೇ ಕೇಳಿದರೆ ತೂಕ ಹೆಚ್ಚು.

ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು. ಎಂಟು ಅಡಿ ಪಿವಿಸಿ ಪೈಪಿಗೆ ಕೆಳಗೆ ತೂತು ಕೊರೆದು, ಹೊಲದ ತಗ್ಗಿನಲ್ಲಿ ಹೂತು, ಬಾಯಿಗೆ ಮುಚ್ಚಳ ಹಾಕಿ. ತಿಂಗಳಿಗೊಮ್ಮೆ ಕಲ್ಲು ಕಟ್ಟಿದ ಹಗ್ಗ ಇಳಿಸಿ, ನೀರು ಎಷ್ಟು ಕೆಳಗಿದೆ ಎಂದು ಹಾಲಿನ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಮೊದಲ ಅಳತೆಯನ್ನು ಕಬ್ಬಿಗೆ ಮುಂದಿನ ನೀರು ಬಿಡುವ ಮೊದಲೇ ತೆಗೆಯಿರಿ.