ಮನೆವಾರ್ತೆ: ತಾರಸಿಯ ಬಿಸಿಲು ಯಾರ ಪಾಲಿಗೆ?

ಕುರ್ಲಾ ಪೂರ್ವದ ನೆಹರೂ ನಗರದ ಕಡೆಗೆ ಹೋಗಿ ಬಂದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಮೂರು ನಾಲ್ಕು ಮಾಳಿಗೆಯ ಹಳೆಯ ಮ್ಹಾಡಾ ಕಟ್ಟಡಗಳು ಒಂದೊಂದಾಗಿ ಇಳಿದು, ಅವುಗಳ ಜಾಗದಲ್ಲಿ ಆಕಾಶಕ್ಕೆ ಕೈಚಾಚುವ ಗೋಪುರಗಳು ಏಳುತ್ತಿವೆ. ಇವುಗಳಲ್ಲಿ ನಮ್ಮವರ ಬಿಡಾರಗಳೂ ಉಂಟು. ಪುನರ್ನಿರ್ಮಾಣದ ಮಾತು ಬಂದಾಗ ನಾವೆಲ್ಲ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಚದರಡಿ ಹೆಚ್ಚಿಗೆ ಸಿಕ್ಕೀತು? ಮನೆ ಕೈಗೆ ಬರುವವರೆಗೆ ಬಾಡಿಗೆ ಎಷ್ಟು ಕೊಟ್ಟಾರು? ಕೇಳಲೇಬೇಕಾದ ಪ್ರಶ್ನೆಗಳೇ ಇವು. ಆದರೆ ಮೂರನೆಯದೊಂದನ್ನು ಯಾರೂ ಕೇಳುವುದಿಲ್ಲ. ತಾರಸಿಯ ಮೇಲೆ ಬೀಳುವ ಬಿಸಿಲು ಯಾರ ಪಾಲಿಗೆ?

ಮನೆ ಕಟ್ಟುವಾಗಲೇ ಸೂರ್ಯನನ್ನು ಲೆಕ್ಕಕ್ಕೆ ಹಿಡಿಯುವುದು ನಮ್ಮ ಊರಿಗೇನೂ ಹೊಸತಲ್ಲ. ಬೆಂಗಳೂರಿಗೆ ಹೋದಾಗ ಮನೆಮನೆಯ ಮೇಲೆ ಕಾಣುವ ಬಿಸಿನೀರಿನ ಸೋಲಾರ್ ತೊಟ್ಟಿಗಳು ತಾವಾಗಿ ಬಂದವುಗಳಲ್ಲ. ಹೊಸ ಕಟ್ಟಡಗಳಿಗೆ ಅವು ಬೇಕೇಬೇಕೆಂದು ಕರ್ನಾಟಕ ಸರಕಾರವು 2007ರಲ್ಲಿ ಆಜ್ಞೆ ಮಾಡಿತ್ತು. ಅದು ನೀರು ಕಾಯಿಸುವ ಸಾಧನ. ನಾವು ಈಗ ಹೇಳಹೊರಟಿರುವುದು ವಿದ್ಯುತ್ತನ್ನೇ ಹುಟ್ಟಿಸುವ ಪ್ಯಾನೆಲ್‌ಗಳ ವಿಷಯ. ನಮ್ಮಲ್ಲಿ ಹಲವರ ಮಕ್ಕಳು ನೆಲೆಸಿರುವ ಕ್ಯಾಲಿಫೋರ್ನಿಯದಲ್ಲಿ 2020ರಿಂದ ಹೊಸ ಮನೆಗಳಿಗೆ, 2023ರಿಂದ ಹೊಸ ವ್ಯಾಪಾರಿ ಕಟ್ಟಡಗಳಿಗೂ ಇಂಥ ಪ್ಯಾನೆಲ್ ಬೇಕೆಂಬ ನಿಯಮವಿದೆ. ಹಳೆಯ ಕಟ್ಟಡಗಳನ್ನು ಬಿಟ್ಟು ಹೊಸವಕ್ಕೇ ನಿಯಮ ಮಾಡಿದ್ದೇಕೆ? ಕಟ್ಟುವಾಗ ಹಾಕಿದರೆ ಖರ್ಚು ಕಡಿಮೆ; ಕಟ್ಟಿದ ಮೇಲೆ ಗೋಡೆ ಕೊರೆದು, ಗಿಲಾಯಿ ಒಡೆದು ಹಾಕಿದರೆ ಖರ್ಚೂ ಹೆಚ್ಚು, ರಗಳೆಯೂ ಹೆಚ್ಚು.

ಮೊದಲು ಲೆಕ್ಕ ಬಿಡಿಸೋಣ. ಒಂದು ಕಿಲೋವಾಟ್ ಪ್ಯಾನೆಲ್‌ಗೆ ನೆರಳಿಲ್ಲದ ಸುಮಾರು 100 ಚದರಡಿ ಜಾಗ ಬೇಕು. ಅದು ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯುನಿಟ್‌ನಷ್ಟು ವಿದ್ಯುತ್ತು ಕೊಡುತ್ತದೆ. ಮೇ ತಿಂಗಳಲ್ಲಿ ಹೆಚ್ಚು, ಆಷಾಢ ಶ್ರಾವಣಗಳಲ್ಲಿ ತೀರ ಕಡಿಮೆ. ಎಂಬತ್ತು ಮನೆಗಳ ಒಂದು ಗೋಪುರದ ತಾರಸಿ 4,000 ಚದರಡಿ ಎಂದು ಹಿಡಿಯಿರಿ. ನೀರಿನ ಟಾಕಿ, ಲಿಫ್ಟಿನ ಕೋಣೆ, ಬೆಂಕಿ ಅನಾಹುತಕ್ಕೆಂದು ಬಿಡುವ ದಾರಿ ಎಲ್ಲ ಕಳೆದು ಅರ್ಧ ಜಾಗ ಉಳಿದರೆ 20 ಕಿಲೋವಾಟ್. ಅಂದರೆ ದಿನಕ್ಕೆ 80 ಯುನಿಟ್, ಮನೆಗೆ ಒಂದೇ ಯುನಿಟ್. ಇದರಿಂದ ಪ್ರತಿಯೊಬ್ಬರ ಬಿಲ್ಲೂ ಸೊನ್ನೆಯಾದೀತೆಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ. ಸ್ವಂತ ಛಾವಣಿಯುಳ್ಳ ಊರಿನ ಮನೆಯ ಲೆಕ್ಕವೇ ಬೇರೆ, ಕುರ್ಲಾದ ಗೋಪುರದ ಲೆಕ್ಕವೇ ಬೇರೆ.

ಹಾಗಾದರೆ ಪ್ರಯೋಜನವೇನು? ಲಿಫ್ಟು, ನೀರೆತ್ತುವ ಪಂಪು, ಮೆಟ್ಟಿಲಿನ ದೀಪ ಇವೆಲ್ಲ ಸೊಸಾಯಿಟಿಯ ಒಂದು ಮೀಟರಿನ ಮೇಲೆ ನಡೆಯುತ್ತವೆ. ಹಳೆಯ ಕಟ್ಟಡದಲ್ಲಿ ಲಿಫ್ಟೇ ಇರಲಿಲ್ಲ. ಗೋಪುರದಲ್ಲಿ ಲಿಫ್ಟು ನಿಂತರೆ ಸಂಸಾರವೇ ನಿಂತಂತೆ. ಹೊಸ ಮನೆ ದೊಡ್ಡದಾಯಿತೆಂಬ ಹಿಗ್ಗು ಇಳಿಯುವ ಮೊದಲೇ ತಿಂಗಳ ಮೆಂಟೆನೆನ್ಸ್ ಬಿಲ್ಲು ಬಾಗಿಲಿಗೆ ಬರುತ್ತದೆ. ಪಿಂಚಣಿಯ ಮೇಲೆ ಬದುಕುವ ಹಿರಿಯರು ಅದನ್ನು ಕಟ್ಟಲಾರದೆ, ದೊರೆತ ಮನೆಯನ್ನೇ ಮಾರಿ ದೂರ ಹೋಗುವಂತಾದರೆ ಪುನರ್ನಿರ್ಮಾಣ ಯಾರಿಗಾಗಿ? ಈ ಬಿಲ್ಲಿನ ಭಾರವನ್ನು ಇಳಿಸುವುದೇ ತಾರಸಿಯ ಬಿಸಿಲಿನ ನಿಜವಾದ ಕೆಲಸ.

ಕೇಂದ್ರ ಸರಕಾರವು 2024ರಲ್ಲಿ ಆರಂಭಿಸಿದ 'ಪಿಎಂ ಸೂರ್ಯ ಘರ್' ಯೋಜನೆಯಲ್ಲಿ ಸೊಸಾಯಿಟಿಗಳ ಸಾಮಾನ್ಯ ಉಪಯೋಗಕ್ಕೆ ಕಿಲೋವಾಟಿಗೆ 18,000 ರೂಪಾಯಿಯ ಸಹಾಯಧನವಿದೆ. ಯೋಜನೆಯ ಅವಧಿ 2026-27ರ ವರೆಗೆ. ಪ್ಯಾನೆಲ್ ಸ್ವದೇಶದ್ದಾಗಿರಬೇಕು, ಹಾಕುವವರು ಯೋಜನೆಯಲ್ಲಿ ನೋಂದಾಯಿತರಾಗಿರಬೇಕು. ಮೇಲಿನ 20 ಕಿಲೋವಾಟಿಗೆ 12 ಲಕ್ಷ ಖರ್ಚೆಂದು ಹಿಡಿದರೆ 3 ಲಕ್ಷ 60 ಸಾವಿರ ಸರಕಾರದ್ದು. ಯುನಿಟಿಗೆ ಹತ್ತು ರೂಪಾಯಿಯಂತೆ ವರ್ಷಕ್ಕೆ ಎರಡೂವರೆ ಲಕ್ಷದಷ್ಟು ಉಳಿದರೆ, ಹಾಕಿದ ಹಣ ಮೂರು ನಾಲ್ಕು ವರ್ಷಗಳಲ್ಲಿ ತಿರುಗಿ ಬಂದೀತು. ಪ್ಯಾನೆಲ್‌ಗಳಾದರೋ ಇಪ್ಪತ್ತೈದು ವರ್ಷ ಬಾಳುತ್ತವೆ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸಬೇಕಾದೀತು. ನಿಮ್ಮ ಕಟ್ಟಡದ ಅಳತೆ, ನಿಮ್ಮ ಬಿಲ್ಲಿನ ದರ ಹಾಕಿ ನೀವೇ ಲೆಕ್ಕ ಮಾಡಿ ನೋಡಿ.

ಇನ್ನು ಕರಾರುಪತ್ರದಲ್ಲಿ ಏನೇನು ಬರೆಸಿಕೊಳ್ಳಬೇಕು? ಮೊದಲನೆಯದು, ತಾರಸಿ ಸೊಸಾಯಿಟಿಯದೇ ಎಂಬ ಸ್ಪಷ್ಟ ಮಾತು. 2016ರ ರೇರಾ ಕಾಯಿದೆಯು ತಾರಸಿಯನ್ನು ಸಾಮಾನ್ಯ ಜಾಗಗಳಲ್ಲೇ ಸೇರಿಸಿದೆ. ಆದರೂ ಕಾಗದದಲ್ಲಿ ಇರಲಿ. ಎರಡನೆಯದು, ನೀರಿನ ಟಾಕಿಯೂ ಲಿಫ್ಟಿನ ಕೋಣೆಯೂ ಉತ್ತರದ ಬದಿಗೆ ಬರಲಿ. ವರ್ಷದ ಬಹುಭಾಗ ಸೂರ್ಯನು ನಮಗೆ ದಕ್ಷಿಣಕ್ಕಿರುವುದರಿಂದ ಅವುಗಳ ನೆರಳು ಪ್ಯಾನೆಲ್ ಮೇಲೆ ಬೀಳದು. ಒಂದು ಪ್ಯಾನೆಲ್ ನೆರಳಿಗೆ ಬಿದ್ದರೆ ಸಾಲಿನ ಉಳಿದವುಗಳ ಶಕ್ತಿಯೂ ಕುಗ್ಗೀತು. ಮೂರನೆಯದು, ಪ್ಯಾನೆಲ್ ನಿಲ್ಲಿಸುವ ಕಂಬಗಳ ಬುಡವನ್ನು ವಾಟರ್‌ಪ್ರೂಫಿಂಗ್ ಆಗುವ ಮೊದಲೇ ಕಟ್ಟಬೇಕು. ಅಷ್ಟು ಎತ್ತರದಲ್ಲಿ ಭಾರಕ್ಕಿಂತ ಗಾಳಿಯ ಭಯವೇ ದೊಡ್ಡದು. ಇಂಜಿನಿಯರರ ಲಿಖಿತ ಒಪ್ಪಿಗೆ ಬೇಕು. ನಾಲ್ಕನೆಯದು, ತಾರಸಿಯಿಂದ ಮೀಟರ್ ಕೋಣೆಯವರೆಗೆ ತಂತಿಗೆ ಕೊಳವೆ, ತೊಳೆಯಲು ತಾರಸಿಯಲ್ಲೊಂದು ನಲ್ಲಿ. ಕುರ್ಲಾದ ಧೂಳಿಗೆ ಆಗಾಗ ತೊಳೆಯದಿದ್ದರೆ ಪ್ಯಾನೆಲ್ ಇದ್ದೂ ಇಲ್ಲದಂತೆ.

ಪ್ಯಾನೆಲ್ ಇದ್ದರೆ ಕರೆಂಟು ಹೋದಾಗಲೂ ದೀಪ ಉರಿಯುತ್ತದೆಂದು ಹಲವರು ತಿಳಿದಿದ್ದಾರೆ. ಬ್ಯಾಟರಿಯಿಲ್ಲದ ಸಾಮಾನ್ಯ ಏರ್ಪಾಟಿನಲ್ಲಿ ಹಾಗಾಗದು. ಬೀದಿಯ ತಂತಿಯಲ್ಲಿ ದುರಸ್ತಿ ಮಾಡುವವನ ಪ್ರಾಣಕ್ಕೆ ಅಪಾಯವಾಗಬಾರದೆಂದು ಅದೂ ತಾನಾಗಿ ನಿಲ್ಲುತ್ತದೆ.

ಹೋಟೆಲು ನಡೆಸುವ ನಮ್ಮ ಬಂಧುಗಳಿಗೂ ಒಂದು ಮಾತು. ವ್ಯಾಪಾರಿ ಕಟ್ಟಡಗಳಿಗೆ ಮೇಲಿನ ಸಹಾಯಧನವಿಲ್ಲ. ಆದರೆ ರುಬ್ಬುವ ಯಂತ್ರ, ಫ್ರಿಜ್ಜು, ಪಂಕ ಎಲ್ಲ ಹಗಲಿನಲ್ಲೇ ದುಡಿಯುವುದರಿಂದ ಹುಟ್ಟಿದ ವಿದ್ಯುತ್ತು ಅಲ್ಲಲ್ಲಿಗೇ ಖರ್ಚಾಗುತ್ತದೆ. ಸ್ವಂತ ಛಾವಣಿಯುಳ್ಳವರು, ಹೊಸದಾಗಿ ಕಟ್ಟಿಸುವವರು ನಕ್ಷೆ ಬರೆಯುವಾಗಲೇ ಇದನ್ನು ಕೇಳಬೇಕು.

ಪುನರ್ನಿರ್ಮಾಣಕ್ಕೆ ಸದಸ್ಯರ ವಿಶೇಷ ಸಭೆ ಕರೆಯಬೇಕೆಂದು ಮಹಾರಾಷ್ಟ್ರ ಸರಕಾರದ 4 ಜುಲೈ 2019ರ ನಿರ್ದೇಶವಿದೆ. ಆ ಸಭೆಗೆ ಗಂಡಸರಷ್ಟೇ ಹೋಗಿ ಸಹಿ ಹಾಕಿ ಬರುವ ವಾಡಿಕೆ ಸಾಕು. ತಿಂಗಳ ಖರ್ಚಿನ ಬಿಸಿ ತಿಳಿದಿರುವ ಗೃಹಿಣಿಯರಲ್ಲಿ ಸದಸ್ಯರಾದವರು ತಾವೇ ಹೋಗಿ ಕೇಳಲಿ, ಉಳಿದವರು ಮನೆಯವರ ಕೈಯಲ್ಲಿ ಈ ಪ್ರಶ್ನೆಗಳನ್ನು ಬರೆದು ಕಳಿಸಲಿ. ಸಹಿಗೆ ಮೊದಲು ಕೇಳಿದರೆ ಅದು ಹಕ್ಕು, ಸಹಿಯಾದ ಮೇಲೆ ಕೇಳಿದರೆ ಬರೀ ಬೇಡಿಕೆ.