ಹೊನ್ನಿನ ಬಳೆಯೂ ಕೂಲಿಯ ಕಡಗವೂ

ಕುಣಿಗಲ್ ಸೀಮೆಯ ಹುತ್ರಿದುರ್ಗವನ್ನು ಹತ್ತಿದವರಿಗೆ ಅಲ್ಲಿ ಕಾಣಸಿಗುವುದು ಒಂದರ ಮೇಲೊಂದು ಬರುವ ಕೋಟೆಯ ಬಾಗಿಲುಗಳು, ಬಂಡೆಯ ಮೈಗೆ ಅಂಟಿಕೊಂಡ ಗೋಡೆಗಳು, ತುದಿಯಲ್ಲೊಂದು ಈಶ್ವರನ ಗುಡಿ. ಕಾಣದೆ ಇರುವುದು ಒಂದಿದೆ, ಅದೇ ನಿಧಿ. ನಮ್ಮ ನಾಡಿನ ಯಾವ ದುರ್ಗಕ್ಕೆ ಹೋದರೂ ಹೂತಿಟ್ಟ ಹೊನ್ನಿನ ಕೊಪ್ಪರಿಗೆಯ ಕಥೆಯೊಂದು ತಪ್ಪದು. ಅಮಾವಾಸ್ಯೆಯ ರಾತ್ರಿ ಹಾರೆ ಗುದ್ದಲಿ ಹಿಡಿದು ಹೋಗಿ, ಗುಡಿಯ ಪೀಠವನ್ನು ಕಿತ್ತು, ಬರಿಗೈಯಲ್ಲಿ ಮರಳಿದವರ ಕಥೆಯೂ ಅದರ ಬೆನ್ನಿಗೇ ಇರುತ್ತದೆ. ಹುತ್ರಿದುರ್ಗದ ಕಗ್ಗಲ್ಲಿನಲ್ಲಿ ಕೊಪ್ಪರಿಗೆ ಇದೆಯೋ ಇಲ್ಲವೋ, ನಿಜವಾದ ನಿಧಿಯೊಂದರ ಚರಿತ್ರೆ ಮಾತ್ರ ಈ ದುರ್ಗದ ಬಳಿಯಿಂದ ಹಾದುಹೋಗುತ್ತದೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಕಾರ್ನ್‌ವಾಲಿಸನ ಸೈನ್ಯವು ಸಾವನದುರ್ಗವನ್ನೂ ಅದರ ಹಿಂದೆಯೇ ಹುತ್ರಿದುರ್ಗವನ್ನೂ ಹಿಡಿದದ್ದು 1791ರ ಡಿಸೆಂಬರಿನಲ್ಲಿ. ಅಲ್ಲಿಂದ ಶ್ರೀರಂಗಪಟ್ಟಣದ ದಾರಿ ತೆರೆಯಿತು. 1799ರಲ್ಲಿ ಟೀಪು ಸುಲ್ತಾನನು ಮಡಿದ ಮೇಲೆ ಮೈಸೂರಿನ ಗಡಿಗಳನ್ನು ಹೊಸದಾಗಿ ಗುರುತಿಸಬೇಕಾಯಿತು. ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬವನು 1802ರಲ್ಲಿ ಕೋಲಾರದ ಉರಿಗಾಂ, ಮಾರಿಕುಪ್ಪಗಳ ಸುತ್ತಿನಲ್ಲಿ ಚಿನ್ನವಿದೆಯೆಂಬ ಮಾತನ್ನು ಕೇಳಿದನು; ತೋರಿಸಿದವರಿಗೆ ಬಹುಮಾನವೆಂದನು. ಹಳ್ಳಿಗರು ಗಾಡಿಗಳಲ್ಲಿ ಮಣ್ಣನ್ನು ತಂದು ಅವನ ಕಣ್ಣೆದುರಿಗೆ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪದ ಬಳಿ ಗುಂಡಿಗಳಲ್ಲಿ ಇಳಿದು ಕಲ್ಲನ್ನು ಒಡೆದು, ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಕಳಿಸುತ್ತಿದ್ದ ಗಂಡಸರನ್ನೂ, ಆ ಕಲ್ಲನ್ನು ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದ ಹೆಂಗಸರನ್ನೂ ಅವನು ಕಂಡನು. ಮಣ್ಣನ್ನೋ ಬೂದಿಯನ್ನೋ ಜಾಲಿಸಿ ಚಿನ್ನದ ಕಣವನ್ನು ಹೆಕ್ಕುವವನಿಗೆ ಕನ್ನಡದಲ್ಲಿ 'ಜಲಗಾರ' ಎಂಬ ಹಳೆಯ ಮಾತೇ ಇದೆ. ಕಸ ಗುಡಿಸುವವನಿಗೂ ಅದೇ ಹೆಸರು ನಿಂತದ್ದನ್ನು ನೋಡಿದರೆ, ಹೊನ್ನನ್ನು ಹೆಕ್ಕುವವನು ಹೊನ್ನಿನಿಂದ ಎಷ್ಟು ದೂರದಲ್ಲಿದ್ದನೆಂಬುದು ತಾನಾಗಿ ತಿಳಿಯುತ್ತದೆ.

ವಾರನ್ ಬರೆದಿಟ್ಟ ವರದಿಗೆ ಎಪ್ಪತ್ತು ವರ್ಷ ಫಲ ಬರಲಿಲ್ಲ. ಅಷ್ಟರಲ್ಲಿ ಲೋಕದ ಬೇರೆ ಮೂಲೆಗಳಲ್ಲಿ ಚಿನ್ನದ ಹುಚ್ಚು ಹರಡಿತು. 1848ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, 1851ರಲ್ಲಿ ಆಸ್ಟ್ರೇಲಿಯದಲ್ಲಿ, 1861ರಲ್ಲಿ ನ್ಯೂಜಿಲೆಂಡಿನ ಒಟಾಗೊದಲ್ಲಿ ಚಿನ್ನ ಕಂಡಿತು. ನೇಗಿಲನ್ನು ಬಿಟ್ಟ ರೈತ, ಹಡಗನ್ನು ಬಿಟ್ಟ ನಾವಿಕ, ಅಂಗಡಿಗೆ ಬೀಗ ಹಾಕಿದ ವರ್ತಕ, ಎಲ್ಲರೂ ಅತ್ತ ಓಡಿದರು. ಆ ಚಿನ್ನವು ಮೊದಮೊದಲಿಗೆ ಹೊಳೆಯ ಮರಳಿನಲ್ಲಿಯೇ ಇದ್ದುದರಿಂದ ಒಂದು ಗುದ್ದಲಿ, ಒಂದು ತಟ್ಟೆ, ಗಟ್ಟಿಯಾದ ಬೆನ್ನು ಇಷ್ಟಿದ್ದರೆ ಸಾಕಾಗಿತ್ತು. ಬಡವನಿಗೂ ತನ್ನ ಹಣೆಬರಹವನ್ನು ತಾನೇ ತೊಳೆದು ನೋಡುವ ಅವಕಾಶವಿತ್ತು.

ಆದರೆ ಜನ ಸೇರಿದಲ್ಲಿ ಜಗಳವೂ ಸೇರುವುದು. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಸರಕಾರವು ಅಗೆಯುವ ಪ್ರತಿಯೊಬ್ಬನೂ ತಿಂಗಳಿಗೆ 30 ಷಿಲಿಂಗ್ ಕೊಟ್ಟು ಪರವಾನಗಿ ಪಡೆಯಬೇಕೆಂದು ವಿಧಿಸಿತು. ಚಿನ್ನ ಸಿಕ್ಕಲಿ, ಸಿಗದಿರಲಿ, ತೆರಿಗೆ ತಪ್ಪದು. ಪೊಲೀಸರು ಗುಂಡಿಗಳ ಬಳಿಗೆ ಬಂದು "ಎಲ್ಲಿ ನಿನ್ನ ಚೀಟಿ?" ಎಂದು ಗದರಿಸುವುದು ನಿತ್ಯದ ಮಾತಾಯಿತು. ಬಲ್ಲಾರಾಟಿನ ಗಣಿಗಾರರು ಆ ಚೀಟಿಗಳನ್ನು ಬೆಂಕಿಗೆ ಹಾಕಿದರು. ಯುರೇಕಾ ಎಂಬಲ್ಲಿ ಮರದ ದಿಮ್ಮಿಗಳ ಅಡ್ಡಗೋಡೆ ಕಟ್ಟಿ ನಿಂತರು. 1854ರ ಡಿಸೆಂಬರ್ 3ರ ಬೆಳಗಿನ ಜಾವ ಸೈನ್ಯವು ಅವರ ಮೇಲೆ ಬಿದ್ದು, ಇಪ್ಪತ್ತಕ್ಕೂ ಮಿಕ್ಕ ಗಣಿಗಾರರು ಸತ್ತರು. ಬದುಕುಳಿದ ಮುಂದಾಳುಗಳ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದಾಗ ಯಾವ ಪಂಚಾಯತರೂ ಅವರನ್ನು ತಪ್ಪಿತಸ್ಥರೆನ್ನಲಿಲ್ಲ. ಮರುವರ್ಷ ಆ ತೆರಿಗೆ ಹೋಗಿ ವರ್ಷಕ್ಕೆ ಒಂದು ಪೌಂಡಿನ ಹಕ್ಕುಪತ್ರ ಬಂದಿತು.

ಇದೇ ಚರಿತ್ರೆಗೆ ಇನ್ನೊಂದು ಮುಖವುಂಟು. ನಿನ್ನೆ ಬಂದವನು ಇಂದು ಬಂದವನನ್ನು 'ಹೊರಗಿನವನು' ಎನ್ನಲು ತಡಮಾಡಲಿಲ್ಲ. ಕ್ಯಾಲಿಫೋರ್ನಿಯದಲ್ಲಿ 1850ರಲ್ಲಿ ಪರದೇಶದ ಗಣಿಗಾರರಿಗೆಂದೇ ತಿಂಗಳಿಗೆ 20 ಡಾಲರಿನ ತೆರಿಗೆ ಹಾಕಿದರು. ಆಸ್ಟ್ರೇಲಿಯದ ಲ್ಯಾಂಬಿಂಗ್ ಫ್ಲಾಟ್ ಎಂಬಲ್ಲಿ 1861ರಲ್ಲಿ ಚೀನೀಯರ ಬಿಡಾರಗಳ ಮೇಲೆ ಬಿದ್ದು ಅವರನ್ನು ಹೊಡೆದೋಡಿಸಿದರು. ಅನ್ಯಾಯವನ್ನು ಉಂಡವನು ಅದನ್ನು ಬಡಿಸಲಾರನೆಂದು ನಂಬುವಂತಿಲ್ಲ.

ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಅಲ್ಲಿಯ ಚಿನ್ನದ ಹುಚ್ಚನ್ನೂ ಕಂಡಿದ್ದ ಮೈಕೇಲ್ ಲವೆಲ್ ಎಂಬ ಐರಿಷ್ ಸೈನಿಕನು ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದಾಗ ವಾರನ್ನನ ಹಳೆಯ ವರದಿ ಅವನ ಕಣ್ಣಿಗೆ ಬಿದ್ದಿತು. 1873ರಲ್ಲಿ ಅವನು ಮೈಸೂರು ಸರಕಾರಕ್ಕೆ ಅರ್ಜಿ ಹಾಕಿದನು. 1875ರಲ್ಲಿ ಉರಿಗಾಮಿನ ಬಳಿ ಬಾವಿ ತೋಡಿಸಿದನು. ಕೈಯಲ್ಲಿ ಹಣ ಸಾಲದೆ ತನ್ನ ಹಕ್ಕನ್ನು ಇತರರಿಗೆ ವಹಿಸಿಕೊಡಬೇಕಾಯಿತು. ಇಲ್ಲಿಯೇ ನಮ್ಮ ಕಥೆ ಕ್ಯಾಲಿಫೋರ್ನಿಯದ ದಾರಿಯನ್ನು ಬಿಟ್ಟು ಬೇರೆಯಾಗುವುದು. ಕೋಲಾರದ ಚಿನ್ನ ಹೊಳೆಯ ಮರಳಿನಲ್ಲಿರಲಿಲ್ಲ. ನೆಲದ ಆಳದಲ್ಲಿ ಬೆಣಚುಕಲ್ಲಿನ ಪದರಗಳಲ್ಲಿ ಕಣ್ಣಿಗೆ ಕಾಣದಂತೆ ಬೆರೆತಿತ್ತು. ಅದನ್ನು ತೆಗೆಯಲು ತಟ್ಟೆಯಲ್ಲ, ಯಂತ್ರ ಬೇಕು. ಯಂತ್ರಕ್ಕೆ ಬಂಡವಾಳ ಬೇಕು. ಆದ್ದರಿಂದ ಕೋಲಾರದ ಚಿನ್ನದ ಹುಚ್ಚು ಮೊದಲು ಕಾಣಿಸಿಕೊಂಡದ್ದು ಕೋಲಾರದಲ್ಲಲ್ಲ, ಲಂಡನ್ನಿನ ಷೇರುಪೇಟೆಯಲ್ಲಿ. 1880ರ ಸುಮಾರಿಗೆ ಕಂಪನಿಗಳು ನಾಯಿಕೊಡೆಗಳಂತೆ ಎದ್ದು, ಕೆಲವೇ ವರ್ಷಗಳಲ್ಲಿ ಹಾಗೆಯೇ ಒಣಗಿದವು. ಮೈಸೂರು ಕಂಪನಿಯೂ ಮುಚ್ಚುವ ಹಂತಕ್ಕೆ ಬಂದಿದ್ದಾಗ, ಉಳಿದ ಹಣವನ್ನೂ ಒಮ್ಮೆ ಹಾಕಿ ನೋಡೋಣವೆಂದು ಜಾನ್ ಟೇಲರ್ ಸಂಸ್ಥೆಯವರು ಹಟ ಹಿಡಿದರು. ಪ್ಲಮ್ಮರ್ ಎಂಬ ಗಣಿಯ ಕ್ಯಾಪ್ಟನ್ ಹಳೆಯ ಕಾಲದವರು ಅಗೆದು ಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಚಾಂಪಿಯನ್ ಪದರವನ್ನು ಮುಟ್ಟಿದನು. ಹೆಸರಿಲ್ಲದ ಆ ಹಳಬರ ಗುಂಡಿಗಳೇ ವಿಲಾಯಿತಿಯ ಷೇರುದಾರರನ್ನು ಉಳಿಸಿದುವೆನ್ನಬೇಕು.

ಆಮೇಲೆ ಜನ ಬಂದರು. 1891ರಲ್ಲಿ 7,085 ಇದ್ದ ಚಿನ್ನದ ಗಣಿಯ ಜನಸಂಖ್ಯೆ 1901ರ ಗಣತಿಯ ವೇಳೆಗೆ 38,204 ಆಯಿತು. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ತವರ ತಾಮ್ರಗಳ ಗಣಿ ಕುಸಿದು ಅನ್ನ ತಪ್ಪಿದ ಗಣಿಗಾರರು ಮೇಲ್ವಿಚಾರಕರಾಗಿ ಬಂದರು. ಪಂಜಾಬಿನಿಂದ ಕಾವಲುಗಾರರು ಬಂದರು. ಕಲ್ಲೊಡೆಯುವ ಕೆಲಸಕ್ಕೆ ಮುಖ್ಯವಾಗಿ ಬಂದವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ಬಡಜನ. ಅವರಲ್ಲಿ ಬಹುಮಂದಿ ಆದಿದ್ರಾವಿಡರು. ಮುಂಗಡ ಕೊಟ್ಟು ಕರೆತಂದ ಗುತ್ತಿಗೆದಾರನ ಋಣ ಅವರ ಬೆನ್ನಿಗಿತ್ತು, ನಿಜ. ಆದರೆ ಊರಿನಲ್ಲಿ ಒಡೆಯನ ಹೊಲದಲ್ಲಿ ತಲೆತಗ್ಗಿಸಿ ಜೀತ ಮಾಡುವುದಕ್ಕಿಂತ, ನೆಲದಡಿಯ ಕತ್ತಲಿನಲ್ಲಿ ಎಣಿಸಿದ ಕಾಸಿಗೆ ದುಡಿಯುವುದು ಲೇಸೆಂದು ಅವರು ಬಗೆದರು. ಅವರು ಬಂದದ್ದು ಹೊನ್ನಿಗಾಗಿ ಎಂದು ನಾವು ಹೇಳುತ್ತೇವೆ. ಬಹುಶಃ ಅವರು ಬಂದದ್ದು ಮಾನಕ್ಕಾಗಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮಾರಿಕುಪ್ಪದಲ್ಲಿ ಬೌದ್ಧ ಸಂಘವೊಂದು ನಡೆಯುತ್ತಿತ್ತು. ಜಾತಿಯ ಹೊರೆಯನ್ನು ಇಳಿಸಲೆಳಸಿದ ಅಯೋತ್ತಿದಾಸ ಪಂಡಿತರ ತಮಿಳು ಪತ್ರಿಕೆಗೆ ಈ ಗಣಿಗಳಲ್ಲಿ ಓದುಗರಿದ್ದರು. ದಿನವೆಲ್ಲ ಕಲ್ಲೊಡೆದವರು ರಾತ್ರಿ ಪತ್ರಿಕೆ ಓದಿಸಿಕೊಂಡು ಕೇಳಲು ಕುಳಿತರೆಂದರೆ, ಅದು ಬರಿಯ ಕೂಲಿಯ ಹಸಿವಲ್ಲ.

ಮೇಲೆ ನೋಡಿದರೆ ಕ್ಲಬ್ಬು, ಗಾಲ್ಫ್ ಆಟದ ಬಯಲು, ಹೂದೋಟದ ಬಂಗಲೆಗಳ ಪುಟ್ಟ ಇಂಗ್ಲೆಂಡು. ಪಕ್ಕದಲ್ಲಿ ಬಿದಿರಿನ ತಟ್ಟಿಯ ಗುಡಿಸಲುಗಳ ಸಾಲುಗಳು. ಕೆಳಗೆ ಇಳಿದರೆ, ಕಾಲ ಕಳೆದಂತೆಲ್ಲ ಆಳ ಬೆಳೆದು ಕೊನೆಗೆ ಮೂರು ಕಿಲೋಮೀಟರನ್ನೂ ಮೀರಿತು. ಅಲ್ಲಿಯ ಕಲ್ಲೇ ಮುಟ್ಟಿದರೆ ಸುಡುವಂಥದು. ಒತ್ತಡ ತಾಳದೆ ಬಂಡೆ ಸಿಡಿಯುವುದಕ್ಕೆ ಕೂಲಿಗಳು 'ಏರ್ ಬ್ಲಾಸ್ಟ್' ಎನ್ನುತ್ತಿದ್ದರು. ಆ ಸದ್ದು ಕೇಳಿದೊಡನೆ ಸಾಲುಮನೆಗಳ ಹೆಂಗಸರು ಗಣಿಯ ಬಾಯಿಗೆ ಓಡುವರು. ಸಿಡಿತಕ್ಕೆ ಸಿಕ್ಕದವನನ್ನು ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕುಳಿತು ನಿಧಾನವಾಗಿ ತಿನ್ನುತ್ತಿತ್ತು.

ಇದೆಲ್ಲ ಯಾವುದೋ ದೂರದ ಊರಿನ ಸಂಗತಿ ಎಂದು ನಾವು ಬೆಂಗಳೂರು ತುಮಕೂರುಗಳ ಗೃಹಸ್ಥರು ಕೈ ತೊಳೆದುಕೊಳ್ಳುವಂತಿಲ್ಲ. ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ತೆಗೆದು 1902ರಲ್ಲಿ ಮೊದಲು ಕೊಟ್ಟದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ತೆಗೆದ ಚಿನ್ನದ ಮೇಲೆ ಶೇಕಡ 5ರ ರಾಜಧನವು ಸಂಸ್ಥಾನದ ಬೊಕ್ಕಸಕ್ಕೆ ಸೇರುತ್ತಿತ್ತು. 'ಮಾದರಿ ಮೈಸೂರು' ಎಂದು ನಾವು ಇಂದಿಗೂ ಹೆಮ್ಮೆಪಡುವ ಶಾಲೆ, ಆಸ್ಪತ್ರೆ, ಕಾಲುವೆಗಳ ಲೆಕ್ಕದಲ್ಲಿ ಆ ತಟ್ಟಿಗುಡಿಸಲಿನವರ ಬೆವರೂ ಜಮೆಯಾಗಿದೆ.

ಇನ್ನು ಅಶಾಂತಿಯ ಮಾತು. 1930ರಲ್ಲಿ ಗಣಿಯ ಆಡಳಿತದವರು ಕೂಲಿಗಳೆಲ್ಲರೂ ಬೆರಳೊತ್ತು ಕೊಟ್ಟು ಹೆಸರು ನೋಂದಾಯಿಸಬೇಕೆಂದು ಅಪ್ಪಣೆ ಮಾಡಿದರು. ಅವರಿಗೆ ಇದು ಲೆಕ್ಕಪತ್ರದ ಅನುಕೂಲ. ಕೂಲಿಗೆ ಇದು ಠಾಣೆಯಲ್ಲಿ ಕಳ್ಳನಿಗೆ ಮಾಡುವ ಮರ್ಯಾದೆ. ಕಾನೂನಿನ ಮನ್ನಣೆಯುಳ್ಳ ಸಂಘವೊಂದು ಇಲ್ಲದ ಕಾಲದಲ್ಲಿ, ಸಾವಿರಾರು ಮಂದಿ ಕೆಲಸ ಬಿಟ್ಟು ಹೊರನಡೆದರು. ಸುಮಾರು ಮೂರು ವಾರ ಗಣಿಗಳ ಸದ್ದಡಗಿತು. ಆಡಳಿತವು ಆ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಹತ್ತು ವರ್ಷದ ಮೇಲೆ, 1940ರಲ್ಲಿ, ಗುರುತಿಗಾಗಿ ಕೈಗೆ ಕಡಗ ತೊಡಬೇಕೆಂಬ ಮಾತು ಎದ್ದಾಗಲೂ ಮುಷ್ಕರವಾಯಿತು. ಯುದ್ಧ ಮುಗಿದು ಬೆಲೆಗಳು ಏರಿದ್ದ 1946ರಲ್ಲಿ ಕೆ. ಎಸ್. ವಾಸನ್ ಮುಂತಾದವರ ಮುಂದಾಳುತನದ ಹೋರಾಟ ಬಿರುಸಾಯಿತು. ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು.

ಬಲ್ಲಾರಾಟಿನ ಚೀಟಿಯನ್ನೂ ಕೋಲಾರದ ಕಡಗವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಕೂಲಿ ಹೆಚ್ಚಿಸಿರೆಂದು ಕೇಳುವವನಿಗೆ ನಾವು 'ಆಸೆಬುರುಕ' ಎನ್ನಬಹುದು. ಆದರೆ ಕೈಗೆ ಕಡಗ ತೊಡುವುದಿಲ್ಲವೆಂದು ಕೂಲಿಯನ್ನೇ ಬಿಟ್ಟು ಕುಳಿತವನಿಗೆ ಏನೆನ್ನೋಣ? ಅದೇ ಕೈ ತೆಗೆದ ಚಿನ್ನವು ನಮ್ಮ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಬಳೆಯಾಗಿ ಅಂದವಾಯಿತು. ಅವನ ಕೈಗೆ ಮಾತ್ರ ಗುರುತಿನ ಕಡಗ! ಒಂದನ್ನು ತೊಡಿಸುವುದು ಪ್ರೀತಿ, ಇನ್ನೊಂದನ್ನು ತೊಡಿಸುವುದು ಅಪನಂಬಿಕೆ.

ಈಗ ನಾವು ಮೇಷ್ಟರುಗಳೂ ದಿನವೂ ಬೆಳಗ್ಗೆ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿಯೇ ಹಾಜರಿ ಹಾಕುವವರಲ್ಲವೆ, ನಾವೇನೂ ಮುಷ್ಕರ ಹೂಡಲಿಲ್ಲವಲ್ಲ, ಎಂದು ಯಾರಾದರೂ ಕೇಳಿಯಾರು. ಸರಿಯಾದ ಪ್ರಶ್ನೆಯೇ. ಆದರೆ ನಮಗೆ ಬೆರಳೊತ್ತಿದ ಮೇಲೆ ಕುರ್ಚಿ ಇದೆ, ಪಿಂಚಣಿಯ ಆಸೆ ಇದೆ, ದೂರು ಬರೆಯುವ ಬರವಣಿಗೆ ಇದೆ. 1930ರ ಕೂಲಿಗೆ ಬೆರಳಿನ ಹೊರತು ತನ್ನದೆಂಬುದು ಮತ್ತೇನಿತ್ತು? ಅದನ್ನೂ ಕೇಳಿದಾಗ ಅವನು ಇಲ್ಲವೆಂದನು.

1956ರಲ್ಲಿ ಗಣಿಗಳು ಮೈಸೂರು ಸರಕಾರದ ವಶವಾದವು. 1962ರಲ್ಲಿ ಕೇಂದ್ರ ಸರಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. ಸುಮಾರು 800 ಟನ್ ಚಿನ್ನವನ್ನು ಕೊಟ್ಟ ಮೇಲೆ, ಒಡೆಯುವ ಕಲ್ಲಿನಲ್ಲಿ ಚಿನ್ನ ಕಡಮೆಯಾಗಿ ಖರ್ಚು ಹೆಚ್ಚಾಗಿ, 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಚಿನ್ನ ಹೋಯಿತು; ಚಿನ್ನಕ್ಕಾಗಿ ಬಂದವರು ಎಲ್ಲಿಗೆ ಹೋಗಬೇಕು? ಮೂರು ನಾಲ್ಕು ತಲೆಮಾರು ಕಳೆದ ಮೇಲೆ ಅವರ 'ಊರು' ಉತ್ತರ ಆರ್ಕಾಟಿನಲ್ಲಿ ಉಳಿದಿರಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇಂದು ನಸುಕಿನಲ್ಲಿ ಎದ್ದು ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬರುತ್ತಾರೆ, ರಾತ್ರಿ ಮರಳುತ್ತಾರೆ. ಹುತ್ರಿದುರ್ಗದ ಬುಡದ ಹಳ್ಳಿಗಳ ಹುಡುಗರೂ ಅದೇ ಬೆಂಗಳೂರಿಗೆ ಬಸ್ಸು ಹತ್ತುತ್ತಾರೆ. ಈ ಕಾಲದ ಚಿನ್ನದ ಗಣಿ ಬೆಂಗಳೂರೇ ಆಗಿರುವಾಗ, ನಮ್ಮ ಬೀದಿಯ ಹೊಸ ಕಟ್ಟಡಕ್ಕೆ ಇಟ್ಟಿಗೆ ಹೊರುವವನು, ಗೇಟಿನಲ್ಲಿ ಕುಳಿತಿರುವ ಕಾವಲುಗಾರ, ಇವರು ಯಾವ ಭಾಷೆಯವರು ಎಂದು ಕೇಳುವ ಮುನ್ನ, ನೀರು ಕುಡಿದಿರಾ ಎಂದು ಕೇಳುವುದು ಗೃಹಸ್ಥಧರ್ಮ. ಕನ್ನಡ ಕಲಿಸುವುದಕ್ಕೂ ಅದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ.

ಚಲನಚಿತ್ರದ ದೆಸೆಯಿಂದ ಕೆ.ಜಿ.ಎಫ್. ಎಂಬ ಮೂರಕ್ಷರ ಇಂದು ಮಕ್ಕಳ ಬಾಯಲ್ಲೆಲ್ಲ ಇದೆ. ರಜೆಯಲ್ಲಿ ಒಂದು ದಿನ ಅವರನ್ನು ಕರೆದುಕೊಂಡು ಮಾರಿಕುಪ್ಪದ ರೈಲು ಹತ್ತಿ. ಅರೆದ ಕಲ್ಲಿನ ಪುಡಿಯನ್ನು ಸಯನೈಡಿನಲ್ಲಿ ತೊಳೆದು ಸುರಿದ ದಿಬ್ಬಗಳು ಊರಿನ ನಡುವೆ ಬೆಟ್ಟಗಳಂತೆ ನಿಂತಿವೆ. ಹುತ್ರಿದುರ್ಗದ ಬೆಟ್ಟವನ್ನು ದೇವರು ಮಾಡಿದನು. ಈ ದಿಬ್ಬಗಳನ್ನು ಹೊತ್ತು ತಂದವರು ಮನುಷ್ಯರು. ಅವುಗಳ ಎದುರಿಗೆ ನಿಲ್ಲಿಸಿ, ಅಮ್ಮನ ಕೈಬಳೆಯನ್ನು ತೋರಿಸಿ, ಇಷ್ಟು ಚಿನ್ನಕ್ಕೆ ಎಷ್ಟು ಕಲ್ಲು ಒಡೆಯಬೇಕಾಗಿತ್ತೆಂದು ಕೇಳಿ. ಗಣಿತದಲ್ಲಿ ಜಾಣರಾದ ಮಕ್ಕಳು ಉತ್ತರ ಹೇಳಿಯಾರು. ಯಾರು ಒಡೆದರೆಂಬುದನ್ನು ಮಾತ್ರ ನೀವೇ ಹೇಳಬೇಕಾಗುತ್ತದೆ.